ನೈಋತ್ಯದ ಹರವಿ

ನಮ್ಮ ಮಾಸ್ತರರು ತಲೆಗೆ ಸುತ್ತಿದ ರುಮಾಲಿನ ಚುಂಗು ಮೊಳದುದ್ದ ಬೆನ್ನ ಮೇಲೆ ಇಳಿದಿರುತ್ತಿತ್ತು. ಹಿಂದಿನಿಂದ ಗಾಳಿ ಬೀಸಿದರೆ ಸಾಲಿಯ ಬಾಗಿಲಿಗೆ ಅವರಿಗಿಂತ ಮೊದಲು ಚುಂಗು ಬರುತ್ತಿತ್ತು. "ಗಾಳಿ ಎಲ್ಲಿಂದ ಬಂತಂತ ನನ್ನ ಕೇಳಬ್ಯಾಡ್ರಿ, ಚುಂಗ ನೋಡ್ರಿ" ಎನ್ನುತ್ತಿದ್ದರು.

ಶಿರಗುಪ್ಪಿಯ ಸಾಲಿಯಲ್ಲಿ ನಮಗೆ ದಿಕ್ಕು ಕಲಿಸಿದವರು ಅವರೇ. ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತದೆ ಎಂದು ಹೇಳಿ, ಕುಡಿಯುವ ನೀರಿನ ಹರವಿ ಇಟ್ಟ ಮೂಲೆ ತೋರಿಸುತ್ತಿದ್ದರು. ನಾವು ಹಾಗೇ ಕಲಿತೆವು. ನೈಋತ್ಯ ಎಂದರೆ ಹರವಿ.

ನಾನು ಆಗ ನಾಲ್ಕನೆಯ ಇಯತ್ತೆ. ನಾಲ್ಕು ಜನರ ಮುಂದೆ ಬಾಯಿ ಬಿಟ್ಟವಳಲ್ಲ. ಸಾಲಿ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬರುವ ದಿನ ಅಪ್ಪ ಮಾಸ್ತರರಿಗೆ ಹೇಳಿಬಿಟ್ಟ: "ಸಾಹೇಬ್ರ ಮುಂದ ಆಕಿ ಒಂದ ಮಾತ ಆಡಿದ್ರ ಮುಂದ ಕಲೀಲಿ. ಇಲ್ಲಂದ್ರ ನಾಳಿಂದ ಮನ್ಯಾಗ ಸಗಣಿ ಬಳೀಲಿ."

ಅಂದು ಸಾಲಿ ಸೋರುತ್ತಿತ್ತು. ನಮ್ಮನ್ನು ಚಾವಡಿಗೆ ಕರೆದೊಯ್ದರು. ಸಾಹೇಬರಿಗೆ ನೀರಡಿಸೀತೆಂದು ಹರವಿಯನ್ನೂ ಹೊತ್ತು ತಂದು ಅವರ ಕುರ್ಚಿಯ ಪಕ್ಕದಲ್ಲಿಟ್ಟರು.

"ಮುಂಗಾರು ಗಾಳಿ ಎಲ್ಲಿಂದ ಬರ್ತದ?" ಎಂದರು ಸಾಹೇಬರು.

"ನೈಋತ್ಯದಿಂದ್ರಿ!" ಉಳಿದ ಮಕ್ಕಳು ಕೂಗಿದರು.

"ಎಲ್ಲದ? ತೋರಸ್ರಿ."

ನನ್ನ ಕೈಯೊಂದು ಬಿಟ್ಟು ಎಲ್ಲ ಕೈಗಳೂ ಹರವಿಯತ್ತ ಎದ್ದವು. ಸಾಹೇಬರು ಮುಚ್ಚಳ ತೆಗೆದು ಒಳಗೆ ಇಣುಕಿದರು. "ಏನ್ರಿ ಮಾಸ್ತರ, ನಿಮ್ಮೂರ ಮುಂಗಾರು ಇದರಾಗ ಅದ ಏನು?"

ನೋಡಲು ಬಂದು ಚಾವಡಿಯ ಕಟ್ಟೆಯ ಮೇಲೆ ಕೂತಿದ್ದ ಊರವರೆಲ್ಲ ನಕ್ಕರು. ಅವರ ನಡುವೆ ಅಪ್ಪ ಮಾತ್ರ ನನ್ನನ್ನೇ ನೋಡುತ್ತಿದ್ದ. ಮಾಸ್ತರರು ಚಾವಡಿಯ ತೆರೆದ ಬದಿಗೆ ಬೆನ್ನು ಮಾಡಿ ತಲೆ ತಗ್ಗಿಸಿ ನಿಂತರು. ಆಗ ಗಾಳಿ ಬೀಸಿತು. ಚುಂಗು ಅವರ ಬೆನ್ನಿನಿಂದೆದ್ದು ಹೆಗಲು ದಾಟಿ ಹರವಿಯ ಕಡೆ ಚಾಚಿತು. ಅಂದರೆ ಗಾಳಿ ಬರುತ್ತಿದ್ದದ್ದು ಅವರ ಬೆನ್ನ ಹಿಂದಿನಿಂದ! ನನ್ನ ಬಾಯಿ ಏಳಲಿಲ್ಲ. ಕೈ ಎದ್ದಿತು. ನಾನು ತೋರಿಸಿದ ಕಡೆ ಸಾಹೇಬರು ಮುಖ ತಿರುಗಿಸಿದ್ದೇ ತಡ, ಮಳೆಹನಿ ಅವರ ಕಣ್ಣಿನ ಚಾಳೀಸಿನ ಗಾಜಿಗೆ ಬಡಿಯಿತು.

"ಭೇಷ್!" ಎಂದರು, ಚಾಳೀಸು ಒರೆಸಿಕೊಳ್ಳುತ್ತ.

ಅಪ್ಪ ತಕರಾರು ತೆಗೆದ. "ಆಕಿ ಮಾತ ಆಡ್ಲಿಲ್ಲಲ್ರಿ, ಮಾಸ್ತರ್ರ?"

"ಬಾಯಿಲೆ ಆಡ್ಲಿಲ್ಲ, ಖರೇ ಯಜಮಾನ್ರ. ಕೈಲೆ ಆಡ್ಯಾಳಲ್ರಿ!"

ಅಪ್ಪ ಸೋತ. ಮರುದಿನದಿಂದ ಮಾಸ್ತರರು ಹರವಿಯನ್ನು ದಿನಕ್ಕೊಂದು ಮೂಲೆಗೆ ಸರಿಸತೊಡಗಿದರು. ನೀರಡಿಸಿದವರು ದಿಕ್ಕಿನ ಹೆಸರು ಹೇಳಿಯೇ ಕುಡಿಯಬೇಕಿತ್ತು.

ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಮಾಸ್ತರರು ತೀರಿಕೊಂಡ ಸುದ್ದಿ ಬಂತು. ಹೋಗಲಾಗಲಿಲ್ಲ. ಮಕ್ಕಳೇ, ಅಜ್ಜಿಗೆ ಮಾತೇ ಬರುವುದಿಲ್ಲ ಎಂದು ನೀವು ನಗುತ್ತೀರಿ. ಅವರು ನನ್ನನ್ನು ಏಳನೆಯ ಇಯತ್ತೆಯವರೆಗೆ ಬಿಡದೆ ಓದಿಸಿದರು. ನೋಡಿ, ಇಷ್ಟು ಹೊತ್ತೂ ಈ ಹಾಳೆಯ ಮೇಲೆ ಕೈಲೆ ಆಡಿದ್ದೇನೆ.