ಕೆನೆ ಅಂಚಿನ ಐವಿ

ಟಣ್, ಟಣ್, ಟಣ್. ಪಕ್ಕದ ಸೈಟಿನಲ್ಲಿ ಕಲ್ಲು ಕೆತ್ತುವವರು ಬೆಳಗ್ಗೆ ಏಳಕ್ಕೇ ಶುರುಮಾಡುತ್ತಿದ್ದರು. ರಾಜಾಜಿನಗರದಲ್ಲಿ ಆಗ ಮನೆ ಮನೆಗಳ ನಡುವೆ ಇನ್ನೂ ರಾಗಿ ಹೊಲಗಳಿದ್ದವು; ಉಳಿಯ ಸದ್ದು ತಡೆಯಿಲ್ಲದೆ ನೇರ ಅಡುಗೆಮನೆಗೆ ಬರುತ್ತಿತ್ತು. ಅದು ಕೇಳಿಸಿತೆಂದರೆ ಯಶೋದಮ್ಮನವರಿಗೆ ಪಾಠ ಹೇಳಲು ಸ್ಕೂಲಿಗೆ ಹೊರಡುವುದಕ್ಕೆ ಇನ್ನು ಎರಡು ಗಂಟೆ. ಅಷ್ಟರಲ್ಲಿ ಅಡುಗೆಯಾಗಬೇಕು, ಗಂಡ ವೆಂಕಟಗಿರಿಯವರ ಊಟದ ಡಬ್ಬಿ ಕಟ್ಟಬೇಕು, ಕಾಂಪೌಂಡಿನ ಐವಿ ಬಳ್ಳಿಗೆ ನೀರು ಹಾಕಬೇಕು.

ಐವಿ ಮಗಳು ಸೀತಾಳದ್ದು. ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ಮಲ್ಲೇಶ್ವರದ ಗೆಳತಿಯ ಮನೆಯಿಂದ ಗೇಣುದ್ದದ ಕಡ್ಡಿಯೊಂದನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ತಂದಿದ್ದಳು. ನಡುವೆ ಹಸಿರು, ಸುತ್ತ ಹಾಲಿನ ಕೆನೆಯಂಥ ಅಂಚು. ಧನುರ್ಮಾಸದ ಚಳಿಗೆ ಆ ಅಂಚು ಚೂರೇ ಚೂರು ಗುಲಾಬಿಯಾಗುತ್ತಿತ್ತು. ಕಾಂಪೌಂಡಿನ ನೆರಳಿರುವ ಕಡೆ ನೆಟ್ಟಳು. ಬಳ್ಳಿ ಒರಟು ಕಲ್ಲಿಗೆ ಸಣ್ಣ ಬೇರು ಊರಿಕೊಂಡು ಮೆಲ್ಲನೆ ಹತ್ತಿತು.

ಬಲು ಮೆಲ್ಲನೆ. ಆಗಾಗ ಅದರಲ್ಲೇ ಅಂಚಿಲ್ಲದ ಬರೀ ಹಸಿರಿನ ಚಿಗುರೊಂದು ಹೊರಡುವುದು. ಅದಕ್ಕೆ ಬಲ ಹೆಚ್ಚು. ಭಾನುವಾರ ತಲೆಗೆ ನೀರೆರೆದುಕೊಂಡ ಸೀತಾ ಕೂದಲೊಣಗಿಸುತ್ತ ಗೋಡೆಯ ಮುಂದೆ ಕೂತು ಅದನ್ನು ಉಗುರಿನಿಂದ ಚಿವುಟುವಳು.

“ಹಸಿರು ಕಡ್ಡಿನ ಹಾಗೇ ಬಿಟ್ರೆ ಬಿಳಿ ಅಂಚಿಂದನ್ನ ಬದುಕೋಕ್ಕೆ ಬಿಡಲ್ಲ ಅಮ್ಮ.”

ಮಾರೇನಹಳ್ಳಿಯಿಂದ ಹಾಲು ತರುವ ಹನುಮಕ್ಕನಿಗೆ ಇದೆಲ್ಲ ತಮಾಷೆ. “ಹೂವಿಲ್ಲ, ಕಾಯಿಲ್ಲ, ಸಾರಿಗೂ ಬರಾಕಿಲ್ಲ. ಇದನ್ಯಾಕವ್ವ ಸಾಕ್ತೀಯ?”

“ನೀವು ಎಮ್ಮೆ ಸಾಕಿಲ್ವಾ?” ಎಂದಳು ಸೀತಾ.

“ಅದು ಹಾಲು ಕೊಡ್ತೈತೆ!”

“ಅರ್ಧ ಹಾಲು. ಇನ್ನರ್ಧ ನಿಮ್ಮ ಬಾವಿ ಕೊಡತ್ತೆ.”

ಹನುಮಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ನಗು ನಿಂತ ಮೇಲೆ ಬಗ್ಗಿ ನೋಡಿ, “ಎಲೆ ಬಿಳಿಚ್ಕೊಂಡೈತೆ ಕಣವ್ವ. ನಮ್ಮ ಅವರೆ ಹೊಲದಾಗೆ ಹಿಂಗಾದ್ರೆ ರೋಗ ಅಂತೀವಿ,” ಎಂದಳು. ಸೀತಾ ಅದಕ್ಕೂ ನಕ್ಕಳು.

ಐವತ್ತಾರರ ಶ್ರಾವಣದಲ್ಲಿ ಸೀತಾ ಟೈಫಾಯ್ಡಿನಲ್ಲಿ ತೀರಿಕೊಂಡಳು. ಹತ್ತೊಂಬತ್ತು ತುಂಬಿರಲಿಲ್ಲ. ಪುಸ್ತಕಗಳನ್ನು ಗೆಳತಿಯರಿಗೆ ಕೊಟ್ಟಾಯಿತು, ಸೀರೆಗಳು ಪೆಟ್ಟಿಗೆ ಸೇರಿದವು. ಅವಳು ಬಿಟ್ಟುಹೋದದ್ದರಲ್ಲಿ ಬೆಳೆಯುತ್ತಿದ್ದದ್ದು ಐವಿಯೊಂದೇ. ಹದಿನಾಲ್ಕನೆಯ ದಿನ ಕಳೆದ ಮೇಲಿನ ಭಾನುವಾರ ಯಶೋದಮ್ಮ ಗೋಡೆಯ ಮುಂದೆ ಕೂತು, ಮಗಳ ಹಾಗೆಯೇ, ಹಸಿರು ಚಿಗುರನ್ನು ಚಿವುಟಿದರು. ಮಲ್ಲೇಶ್ವರದ ತಾಯಿಬಳ್ಳಿ ಒಣಗಿಹೋಯಿತೆಂದು ಗೆಳತಿ ಬಂದು ಹೇಳಿದ ಮೇಲಂತೂ ಒಂದು ವಾರವೂ ತಪ್ಪಿಸಲಿಲ್ಲ.

ಮರುವರ್ಷ ತಂಗಿಯ ಬಾಣಂತನಕ್ಕೆ ತುಮಕೂರಿಗೆ ಹೋಗಬೇಕಾಯಿತು. ವೆಂಕಟಗಿರಿಯವರು ಮಗಳು ಹೋದಂದಿನಿಂದ ಆ ಗೋಡೆಯ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಯಶೋದಮ್ಮ ಹನುಮಕ್ಕನಿಗೇ ಹೇಳಿದರು: “ದಿನಾ ಒಂದು ಚೊಂಬು ನೀರು ಹಾಕಿ ಸಾಕು.” ಚಿಗುರಿನ ವಿಷಯ ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಸೀತಾ ಚಿವುಟುತ್ತಿದ್ದ ಜಾಗದಲ್ಲಿ ಇನ್ನೊಬ್ಬರ ಉಗುರು ಆಡುವುದು ಅವರಿಗೆ ಬೇಡವಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಬಂದು ತಾನೇ ಮಾಡಿದರಾಯಿತು.

ತಂಗಿಗೆ ಜ್ವರ ಹಿಡಿಯಿತು, ತಿಂಗಳು ಮೂರಾಯಿತು.

ಹಿಂದಿರುಗಿದ ಬೆಳಗ್ಗೆ ಹನುಮಕ್ಕ ಗೇಟಿನಲ್ಲೇ ಕಾದಿದ್ದಳು. ಕೈ ಹಿಡಿದು ಎಳೆದುಕೊಂಡೇ ಹೋದಳು. “ಈಗ ನೋಡ್ರಮ್ಮ!”

ಗೋಡೆಯ ನೆತ್ತಿಯವರೆಗೆ ಬಳ್ಳಿ ಹಬ್ಬಿತ್ತು. ದಪ್ಪ ದಪ್ಪ ಎಲೆಗಳು. ಅಚ್ಚ ಹಸಿರು.

“ಬಿಳೇ ಕಡ್ಡಿ ಒಂದೂ ಬಿಡಲಿಲ್ಲ, ಬುಡಕ್ಕೇ ಕೊಯ್ದೆ. ಎಲೆ ಎಲೇನೂ ಆರಿಸಿ ಕಿತ್ತೆ. ರೋಗ ಬೀದಿಗೆ ಎಸೀಬಾರ್ದು ಅಂತ ನಿಮ್ಮ ಹಂಡೆ ಒಲೆಗೇ ಹಾಕಿದೆ. ಹಟ್ಟಿ ಗೊಬ್ಬರಾನ ಮಂಕ್ರಿಯಾಗೆ ಹೊತ್ತು ತಂದು ಹಾಕಿದೀನಿ.”

ಯಶೋದಮ್ಮ ಬಗ್ಗಿದರು. ಬುಡದಿಂದ ಒಂದೊಂದೇ ಎಲೆ ಸರಿಸಿ ನೋಡಿದರು. ಕಲ್ಲಿನ ಸಂದಿಗಳಲ್ಲಿ ನೋಡಿದರು. ಎಲೆಯ ಬೆನ್ನು ತಿರುವಿದರು. ಎಲ್ಲಿಯೂ ಉಗುರಿನಗಲ ಬಿಳುಪು ಸಿಗಲಿಲ್ಲ. ಪಕ್ಕದ ಸೈಟಿನಲ್ಲಿ ಗೋಡೆ ಎದೆಯೆತ್ತರ ಎದ್ದಿತ್ತು. ಉಳಿಯ ಸದ್ದು ನಡೆದೇ ಇತ್ತು.

ಹೇಳಬೇಕೆಂದು ತಿರುಗಿದರು. ಹನುಮಕ್ಕನ ಕಣ್ಣು ತುಂಬಿತ್ತು.

“ಆ ಮಗಾ ಮಲಗಿದಾಗ ನನ್ನ ಕೈಲಿ ಏನೂ ಆಗ್ಲಿಲ್ಲ ಕಣಮ್ಮ. ಹಾಲು ತಂದ್ರೆ ಡಾಕ್ಟ್ರು ಬ್ಯಾಡ ಅಂದ್ರು. ಅದರ ಬಳ್ಳೀನಾದ್ರೂ ಉಳಿಸಿಕೊಟ್ಟೆ ಅಂತ…” ಸೆರಗಿನಲ್ಲಿ ಮೂಗೊರಸಿಕೊಂಡಳು. “ಚೆನ್ನಾಗೈತಾ?”

“ಚೆನ್ನಾಗಿದೆ.”

“ಬಾಯ್ಮಾತಿಗೆ ಅಂತೀರೇನೋ.”

“ಇಲ್ಲ ಹನುಮಕ್ಕ. ಇಷ್ಟು ಎತ್ತರ ಹೋಗತ್ತೆ ಅಂತ ನಮಗೆ ಗೊತ್ತೇ ಇರಲಿಲ್ಲ.”

ಅವರ ಹೆಬ್ಬೆರಳ ಉಗುರು ತಾನಾಗಿಯೇ ಒಂದು ಹಸಿರು ಚಿಗುರಿನ ಕುತ್ತಿಗೆಗೆ ಹೋಗಿತ್ತು. ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಚಿವುಟದೆ ಕೈ ತೆಗೆದುಕೊಂಡರು. ಹಾಲಿನ ಪಾತ್ರೆ ಎತ್ತಿಕೊಂಡರು.

“ಸೀತಾ ಇದ್ದಿದ್ರೆ,” ಎಂದರು, ಆಗಲೇ ಬೆನ್ನು ತಿರುಗಿಸಿ ಮೆಟ್ಟಿಲ ಕಡೆ ನಡೆಯುತ್ತ, “ನಿಮಗೆ ಅವಳೇ ಕಾಫಿ ಮಾಡಿ ಕೊಡ್ತಿದ್ಲು. ಬನ್ನಿ ಒಳಗೆ.”