ಬರ್ಫ ಅಂಟದ ಕಲಾಯಿ

ಆಳಂದದ ದರ್ಗಾ ಓಣಿಯಲ್ಲಿ ಇನ್ನೂ ನಸುಕು. ಅಂಗಳದ ಕುಳಿಯಲ್ಲಿ ಇದ್ದಿಲು ಕೆಂಪಗೆ ಉರಿಯುತ್ತಿದೆ. ಕರೀಮುನ್ನಿಸಾ ಒಂದು ಕೈಯಲ್ಲಿ ತಿದಿ ಒತ್ತುತ್ತಾ, ಇನ್ನೊಂದು ಕೈಯ ಇಕ್ಕಳದಲ್ಲಿ ಹಿತ್ತಾಳೆಯ ಸಾಚಾ ಹಿಡಿದು ಬೆಂಕಿಯ ಮೇಲೆ ಹೊರಳಿಸುತ್ತಾಳೆ. ಎರಡು ಬೆರಳಗಲದ ಬಾಯಿ, ಗೇಣುದ್ದದ ಒಡಲು; ಐಸ್‌ಕ್ಯಾಂಡಿಯ ಅಚ್ಚು ಅದು. ಕಾದ ಒಡಲಿಗೆ ಚಿಟಿಕೆ ನವಸಾಗರ ಬಿದ್ದದ್ದೇ ಬಿಳಿ ಹೊಗೆ ಬುಸ್ಸೆನ್ನುತ್ತದೆ. ಮುಖ ತಿರುಗಿಸಿ ತವರದ ಕಡ್ಡಿ ತಾಗಿಸುತ್ತಾಳೆ, ಅರಳೆ ಸುತ್ತಿದ ಕೋಲನ್ನು ಒಳಗೆ ತಿರುಗಿಸುತ್ತಾಳೆ. ಕಪ್ಪಿಟ್ಟಿದ್ದ ಹಿತ್ತಾಳೆ ಒಳಗಿನಿಂದ ಬೆಳ್ಳಗಾಗುತ್ತದೆ.

"ಹೊಗಿ ಏಳುವಾಗ ಉಸಿರು ಹಿಡೀಬೇಕ್ರಿ," ಎನ್ನುತ್ತಾಳೆ. "ನಮ್ಮ ಮನಿಯವ್ರಿಗೆ ಇದನ್ನ ಯಾರೂ ಹೇಳಲಿಲ್ಲ."

ಮನೆಯವರು, ಗೌಸಮೊಹಿದ್ದೀನ, ಪಡಸಾಲೆಯ ಮಂಚದ ಮೇಲೆ ದಿಂಬಿಗೊರಗಿ ಕೆಮ್ಮುತ್ತಿದ್ದಾರೆ. ಊರೂರು ತಿರುಗಿ ತಾಮ್ರ, ಹಿತ್ತಾಳೆಗೆ ಕಲಾಯಿ ಹಾಕಿದ ಎದೆ ಅದು. ಹೊಗೆ ತಿಂದು ಹಾಳಾಗಿದೆ. ಅವರು ಹಾಸಿಗೆ ಹಿಡಿದಾಗ, ಅಲ್ಲಿಯತನಕ ತಿದಿ ಒತ್ತುತ್ತಿದ್ದ ಹೆಂಡತಿ ಇಕ್ಕಳ ಎತ್ತಿಕೊಂಡಳು.

ಮಂದಿ ಸುಲಭಕ್ಕೆ ಒಪ್ಪಲಿಲ್ಲ. ಗೊಬ್ಬೂರಿನ ಒಂದು ಓಣಿಯಲ್ಲಿ, "ಹೆಂಗಸಿನ ಕೈಲೆ ಕಲಾಯಿ ನಿಲ್ಲಂಗಿಲ್ಲ" ಎಂದು ಹೊರಗಿಟ್ಟ ಪಾತ್ರೆಗಳನ್ನೂ ಒಳಗೆ ಒಯ್ದರು. ಅದೇ ಓಣಿಯ ಗೌರಾಬಾಯಿ ಮಾತ್ರ ಮನೆಯ ದೊಡ್ಡ ಹಂಡೆಯನ್ನು ಉರುಳಿಸಿಕೊಂಡೇ ಬಂದಳು. "ಅಡಿಗಿ ಮಾಡಾಕ ನಾವು, ಭಾಂಡೆ ತಿಕ್ಕಾಕ ನಾವು. ಕಲಾಯಿ ಹಾಕಾಕ ಮಾತ್ರ ಯಾಕ ಬ್ಯಾಡ? ಹಾಕವ್ವಾ ನೀ!" ಕಲಾಯಿ ನಿಂತಿತು. ಮುಂದಿನ ಸಲ ಓಣಿಗೆ ಓಣಿಯೇ ಪಾತ್ರೆ ಹೊರಗಿಟ್ಟಿತು.

ಆಮೇಲೆ ಸ್ಟೀಲ್ ಬಂತು. ತಾಮ್ರ, ಹಿತ್ತಾಳೆ ಅಟ್ಟ ಸೇರಿದವು, ಒಲೆ ತಣ್ಣಗಾಯಿತು. ಅಫಜಲಪುರದಲ್ಲಿ ಐಸ್‌ಕ್ಯಾಂಡಿ ಕಾರ್ಖಾನೆ ಇಟ್ಟಿದ್ದ ಅಣ್ಣಾರಾಯ ಹೇಳಿಕಳಿಸಿದ್ದು ಆಗಲೇ. ಸಾಚಾಗಳೊಳಗೆ ಬರ್ಫ, ಅಂದರೆ ಮಂಜುಗಡ್ಡೆ, ಕಚ್ಚಿಕೊಂಡು ಕೂತು, ಎಳೆದರೆ ಕಡ್ಡಿ ಕೈಗೆ, ಕ್ಯಾಂಡಿ ಅಲ್ಲೇ. ಕರೀಮುನ್ನಿಸಾ ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಕೊಂಡು ಬಂದು, ಉಸುಕಿನಿಂದ ತಿಕ್ಕಿ, ಕಲಾಯಿ ಹಾಕಿ ಒಯ್ದು ಕೊಟ್ಟಳು. ಆದರೂ ಕ್ಯಾಂಡಿ ಮುರಿಯಿತು.

"ಆತು ಬಿಡ್ರಿ, ಸೋಲಾಪುರದಿಂದ ಹೊಸಾವು ತರಸ್ತೇನಿ," ಎಂದ ಅಣ್ಣಾರಾಯ.

ಆಕೆ ಎದ್ದುಹೋಗಲಿಲ್ಲ. ಸಾಚಾ ಇಳಿಬಿಟ್ಟು ಕ್ಯಾಂಡಿ ಹೆಪ್ಪುಗಟ್ಟಿಸುವ ಉಪ್ಪುನೀರಿನ ತೊಟ್ಟಿಯ ಬದಿಗೇ ಸಂಜೆತನಕ ಕೂತಳು. ಬಿಸಿನೀರಿನಲ್ಲಿ ಬಹಳ ಹೊತ್ತು ಅದ್ದಿದ ಮೇಲೆ ಹೇಗೋ ಇಡಿಯಾಗಿ ಬಂದ ಒಂದು ಕ್ಯಾಂಡಿಯನ್ನು ಬೆಳಕಿಗೆ ಹಿಡಿದಳು. ಮೈತುಂಬಾ ಸಣ್ಣ ಉಬ್ಬುಗೆರೆಗಳು!

"ಬರ್ಫೇ ಹೇಳ್ತು ನೋಡ್ರಿ," ಎಂದು ಈಗ ನಗುತ್ತಾಳೆ. "ಉಸುಕು ಒಳಗ ಗೆರಿ ಹೊಡದಿತ್ತು. ನನ್ನ ಕಲಾಯಿ ತೆಳ್ಳಗಿತ್ತು, ಗೆರಿ ಮುಚ್ಚಿದ್ದಿಲ್ಲ. ಬರ್ಫ ಆ ಗೆರಿಯೊಳಗ ಉಗುರು ಊರಿ ಕುಂತಿತ್ತು."

ಇನ್ನೊಂದು ಅವಕಾಶ ಕೇಳಿ ಎಲ್ಲವನ್ನೂ ಮತ್ತೆ ಮನೆಗೆ ತಂದಳು. "ಛೋಡ್ ದೇ," ಎಂದರು ಗಂಡ, ಬಿಟ್ಟುಬಿಡು ಎಂದು. ಬಿಡಲಿಲ್ಲ. ಹಾಕಿದ ಕಲಾಯಿಯನ್ನೇ ಕಾಯಿಸಿ ಒರೆಸಿ ತೆಗೆದಳು. ಉಸುಕು ಬಿಟ್ಟು, ಜರಡಿ ಹಿಡಿದ ಬೂದಿ, ಹುಣಸೆಹಣ್ಣು ಸೇರಿಸಿ, ಕೋಲಿಗೆ ಕಂಬಳಿ ತುಂಡು ಸುತ್ತಿ ಒಂದೊಂದನ್ನೇ ಉಜ್ಜಿದಳು. ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಬಟ್ಟೆ ಕಟ್ಟಿಕೊಂಡು ಉಜ್ಜಿದಳು. ಗೀರು ಮಾಯವಾದ ಮೇಲೆಯೇ ತವರ ಮುಟ್ಟಿಸಿದ್ದು. ನೀರು ಸುರಿದು ನೋಡಿದರೆ ಒಳಗೆ ಹನಿ ನಿಲ್ಲದೆ ಉರುಳಿ ಬಂತು.

ಅಫಜಲಪುರದಲ್ಲಿ ಈ ಸಲ ಅಣ್ಣಾರಾಯ ತಾನೇ ಸಾಚಾ ಹಿಡಿದ. ಬಿಸಿನೀರಿಗೆ ಅದ್ದಿ ಎತ್ತಿ ಬೋರಲು ಹಾಕಿದ್ದೇ ತಡ, ಕ್ಯಾಂಡಿ ಇಡಿಯಾಗಿ ತಟ್ಟೆಗೆ ಜಾರಿತು. ಮತ್ತೊಂದು, ಮಗದೊಂದು. ಅವನು ಕೆಂಪು ಕ್ಯಾಂಡಿಯೊಂದನ್ನು ಆಕೆಯ ಕೈಗಿಟ್ಟ. "ಬೊಬ್ಬಿ ಇದ್ದ ಕೈಗೆ ಬಲು ಹಾಯ್ ಅನಸ್ತ್ರಿ," ಎನ್ನುತ್ತಾಳೆ ಕರೀಮುನ್ನಿಸಾ.

ಈಗ ಜೇವರ್ಗಿಯ ಸಾಚಾಗಳೂ ಈ ಅಂಗಳಕ್ಕೇ ಬರುತ್ತವೆ. ಬೇಸಿಗೆ ಬಂತೆಂದರೆ ಒಲೆ ಆರುವುದಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಯಡ್ರಾಮಿಯಿಂದ ಬಂದವನೊಬ್ಬ ಹೆಗಲ ಚೀಲ ಹೊತ್ತೇ ಬಾಗಿಲಲ್ಲಿ ನಿಲ್ಲುತ್ತಾನೆ. "ಕಲಾಯಿವಾಲಾ ಅದಾನೇನ್ರಿ?"

ಕರೀಮುನ್ನಿಸಾ ಬೆಂಕಿಯಿಂದ ಕಣ್ಣು ತೆಗೆಯುವುದಿಲ್ಲ.

"ಕಲಾಯಿವಾಲಿ ಅದಾಳ. ಚೀಲ ಇಳಸ್ರಿ."