ಲೋಟ ಖಾಲಿಯಾಗೋವರೆಗೆ

ಶಿರೀನ್ ತಾಜ್ ಏನು ಕೆಲಸ ಮಾಡ್ತಾಳೆ ಅಂತ ಯಾರಾದ್ರೂ ಮೂಗು ಮುರಿದ್ರೆ ನಂಗೆ ಪಿತ್ತ ನೆತ್ತಿಗೇರುತ್ತೆ. ಮೊದಮೊದಲು ನಾನೇ ನಕ್ಕಿದ್ದೆ ಅನ್ನಿ. ಮ್ಯಾನೇಜರ್‌ಗಳಿಗೆ ಜನರ ಹತ್ರ ಹೆಂಗಿರಬೇಕು ಅಂತ ಕಲಿಸ್ತಾಳಂತೆ! ಅದೂ ಗೊತ್ತಿಲ್ಲದೋರು ಮ್ಯಾನೇಜರ್ ಹೆಂಗಾದ್ರು?

ನಾನು ಮಲ್ಲಿಕಾಂಬ. ಕಡೂರಿನ ಹೊರಗಿರೋ ಕೊಬ್ಬರಿ ಪುಡಿ ಕಾರ್ಖಾನೇಲಿ ಕ್ಯಾಂಟೀನ್ ನಂದೇ. ಶಿರೀನ್ ಈ ಊರೋಳೇ, ಮೋಟಾರ್ ರಿಪೇರಿ ಮಹಬೂಬ್ ಸಾಬರ ಮಗಳು. ಸ್ಕೂಟರ್ ಹತ್ತಿದ್ಲು ಅಂದ್ರೆ ಇವತ್ತು ತರೀಕೆರೆಯ ಬಟ್ಟೆ ಅಂಗಡಿ, ನಾಳೆ ಅಜ್ಜಂಪುರದ ಸೊಸೈಟಿ, ವಾರಕ್ಕೊಂದ್ಸಲ ನಮ್ಮ ಕಾರ್ಖಾನೆ. ಭಾಷಣ ಗೀಷಣ ಇಲ್ಲ. ಎದುರುಬದುರು ಕುರ್ಚಿ ಹಾಕ್ಸಿ, ಸಿಟ್ಟಾದ ಕೆಲಸದೋಳ ಪಾತ್ರ ತಾನೇ ಮಾಡ್ತಾಳೆ. ಮ್ಯಾನೇಜರ್ ಕೈಗೆ ನನ್ನ ಕುದಿಯೋ ಚಾ. ಲೋಟ ಖಾಲಿಯಾಗೋವರೆಗೆ ಅವನು ತುಟಿ ಪಿಟಕ್ ಅನ್ನಂಗಿಲ್ಲ, ಬರೀ ಕೇಳ್ಬೇಕು. ಗಟಗಟ ಅಂತ ಕುಡಿದು ಮುಗಿಸಬಾರದಲ್ಲ, ಅದಕ್ಕೆ ಚಾ ಸುಡ್ತಿರಬೇಕು. ಒಂಚೂರು ಆರಿದ್ರೂ ನಂಗೇ ಬೈಗುಳ!

“ಇದು ಅಬ್ಬಾ ಕಲಿಸಿದ್ದು ಅಕ್ಕಾ,” ಅಂದಿದ್ಲು ಒಂದಿನ. “ಮೋಟಾರ್ ಮತ್ತೆ ಸುಟ್ಟೋಯ್ತು ಅಂತ ಯಾರಾದ್ರೂ ಜಗಳಕ್ಕೆ ಬಂದ್ರೆ ಮೊದಲು ಚಾ ತರಿಸಿ ಕೈಗೆ ಕೊಡ್ತಿದ್ರು. ಅಬ್ಬಾ ಬೈಯೋರಿಗೆ ಕೊಡ್ತಿದ್ರು. ನಾನು ಬೈಸ್ಕೊಳ್ಳೋರಿಗೆ ಕೊಡ್ತೀನಿ.”

ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ರವಿಕುಮಾರನ ಕತೆ ಕೇಳಿ. ಕೆಟ್ಟೋನಲ್ಲ, ಆದ್ರೆ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಾಯಿ ಸಿಪ್ಪೆ ಹೆರೆಯೋ ಹೆಂಗಸರು ಪಂಚನಹಳ್ಳಿಯಿಂದ ಬರೋರು. ಅವರಿಗೆಲ್ಲ ಹಿರಿಯಳು ಓಬಮ್ಮ. ಒಂದಿನ ದಾರೀಲಿ ಬಸ್ ಕೆಟ್ಟು ತಡವಾಯ್ತು. ಇವನು ಬಾಗಿಲಲ್ಲೇ ನಿಂತು, “ಬರೋಕಾಗದಿದ್ರೆ ಮನೇಲಿ ಬಿದ್ದಿರಿ, ನಿಮ್ಮಂಥೋರು ಬೀದಿಗೊಬ್ರು ಸಿಕ್ತಾರೆ,” ಅಂದ್ಬಿಟ್ಟ. ಓಬಮ್ಮ ಚಾಕು ಮೇಜಿನ ಮೇಲಿಟ್ಟು ಹೊರಟೇ ಹೋದ್ಲು. ಅವಳ ಹಿಂದೆ ಎಲ್ಲರೂ. ಮೆಷಿನ್ ನಿಂತೋಯ್ತು. “ಸೋಮವಾರ ಓಬಮ್ಮ ಬರಲಿಲ್ಲ ಅಂದ್ರೆ ನೀನೂ ಬರಬೇಡ,” ಅಂದ್ರು ಮಾಲೀಕರು.

ರವಿಕುಮಾರ ಮುಖ ಸಣ್ಣದು ಮಾಡ್ಕೊಂಡು ಶಿರೀನ್ ಎದುರು ಕೂತ. ಅವಳು ಸೆರಗು ಬಿಗಿದು ಓಬಮ್ಮನೇ ಆಗ್ಬಿಟ್ಲು. ಬೈದ್ಲು ನೋಡಿ, ಅಬ್ಬಬ್ಬಾ! ಅರ್ಧ ಲೋಟಕ್ಕೇ ಇವನು, “ಹಂಗಲ್ಲಮ್ಮ, ರೂಲ್ಸ್ ಅಂದ್ರೆ...” ಅಂತ ಶುರು ಮಾಡ್ದ.

“ಚಾ ಇನ್ನೂ ಇದೆ ಸಾರ್. ಮತ್ತೆ ಮೊದಲಿಂದ.”

ಮತ್ತೆ ಚಾ, ಮತ್ತೆ ಬೈಗುಳ, ಮತ್ತೆ ಇವನ ರೂಲ್ಸು. ಕಾಸಿ ಕಾಸಿ ನಂಗೆ ಸಾಕಾಗೋಯ್ತು. “ಹುಟ್ಟುಗುಣ ಸುಟ್ಟರೂ ಹೋಗಲ್ಲ, ಬಿಡೇ ತಾಯಿ,” ಅಂದೆ.

“ಗುಣ ಹಂಗೇ ಇರ್ಲಿ ಅಕ್ಕಾ, ಅಭ್ಯಾಸ ಒಂದು ಬದಲಾದ್ರೆ ಸಾಕು. ಹಾಲಿಡಿ,” ಅಂದ್ಲು. ಎಂಥಾ ಮೊಂಡಿ ಅಂತೀರಿ!

ಭಾನುವಾರ ಓಬಮ್ಮನ ಮನೆಗೆ ಅವನ ಜೊತೆ ನನ್ನನ್ನ ಕಳಿಸಿದ್ಲು. ತಾನು ಬರಲ್ಲವಂತೆ, ಬಂದ್ರೆ ಅವನು ಓಬಮ್ಮನ ಮುಖ ಬಿಟ್ಟು ಇವಳ ಮುಖ ನೋಡ್ತಾನಂತೆ. ಬೈಕ್ ಬೇಡ, ಆ ಹೆಂಗಸರು ಬರೋ ಬಸ್ಸಲ್ಲೇ ಹೋಗಿ ಅಂತ ಬೇರೆ ಅಪ್ಪಣೆ. ಜೋತುಬಿದ್ದು ನಿಂತ್ಕೊಂಡೇ ಹೋದ್ವಿ.

ಓಬಮ್ಮ ಬಾಗಿಲಿಗೆ ಬಂದೋರಿಗೆ ಮರ್ಯಾದೆ ತಪ್ಪಿಸೋಳಲ್ಲ. ಜಗಲಿ ಮೇಲೆ ಚಾಪೆ ಹಾಕಿ, ಬೆಲ್ಲದ ಕಾಫಿ ಕೊಟ್ಲು. ಆದ್ರೆ ಶಿರೀನ್ ಓಬಮ್ಮ ಆದಾಗ ಬರೀ ಬೈದಿದ್ಲು, ಇವಳು ಬಾಯೇ ಬಿಡಲಿಲ್ಲ! ರವಿಕುಮಾರ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡ್ದ. ನಾನು ಮುಖ ಆಚೆ ತಿರುಗಿಸಿದೆ. ಅವನು ಲೋಟ ಬಾಯಿಗಿಟ್ಟ, ಒಂದೊಂದೇ ಗುಟುಕು.

ಕೊನೆಗೆ ಅವಳೇ ಶುರು ಮಾಡಿದ್ಲು. “ತಡ ಆಗಿದ್ದಕ್ಕೆ ಬೈದ್ರಲ್ಲ, ಅದಕ್ಕಲ್ಲ ಸ್ವಾಮಿ. ನನ್ನ ಸೊಸೆ ಪಕ್ಕದಲ್ಲೇ ನಿಂತಿದ್ಲು. ನಾನೇ ಕೆಲಸಕ್ಕೆ ಕರ್ಕೊಂಡು ಬಂದ ಹುಡುಗಿ. ಅವಳ ಮುಂದೆ ನನ್ನನ್ನ ಬಿದ್ದಿರು ಅಂದ್ರಿ. ಅವತ್ತಿಂದ ಅವಳ ಮುಖ ನೋಡೋಕಾಗ್ತಿಲ್ಲ.”

ರವಿಕುಮಾರನ ಬಾಯಿ ತೆರೀತು. ಬಂತಪ್ಪಾ ರೂಲ್ಸು ಅಂದ್ಕೊಂಡೆ. ಇಲ್ಲ, ಲೋಟ ಎತ್ತಿ ಕುಡಿದ. ಅವಳು ಹೇಳ್ತಾ ಹೋದ್ಲು, ಇವನು ಕೇಳ್ತಾ ಹೋದ. ನಾನು ಬಗ್ಗಿ ನೋಡ್ತೀನಿ, ಲೋಟದ ತಳ ಕಾಣ್ತಿದೆ! ಇನ್ನು ಮಾತಾಡಬಹುದಿತ್ತು. ಆಸಾಮಿ ಬರೀ ಲೋಟಾನೇ ಮತ್ತೆ ಎತ್ತಿದ, ಮತ್ತೆ ಇಳಿಸಿದ, ಮತ್ತೆ ಎತ್ತಿದ. ಕಣ್ಣು ಓಬಮ್ಮನ ಮೇಲೇ.

ಓಬಮ್ಮ ಮಾತು ನಿಲ್ಲಿಸಿದ್ಲು. “ಖಾಲಿ ಲೋಟ ಎಷ್ಟೊತ್ತು ಕುಡೀತೀರಿ ಸ್ವಾಮಿ? ಕೊಡಿ ಇಲ್ಲಿ,” ಅಂತ ಇಸ್ಕೊಂಡು ಇನ್ನಷ್ಟು ಬಗ್ಗಿಸಿದ್ಲು.

“ನಂದು ತಪ್ಪಾಯ್ತು ಓಬಮ್ಮಾ,” ಅಂದ ಅವನು. “ನಾಳೆ ನಿಮ್ಮ ಸೊಸೆ ಮುಂದೇನೇ ಈ ಮಾತು ಹೇಳ್ತೀನಿ.”

“ನಾಳೆ ಯಾಕೆ?” ಅಂದ್ಲು ಓಬಮ್ಮ, ಒಳಗೆ ತಿರುಗಿ. “ಕೋಮಲಾ, ಬಾರೇ ಇಲ್ಲಿ. ನಿಂಗೂ ಒಂದು ಲೋಟ ತಗೊಂಡ್ ಬಾ.”

ವಾಪಸ್ ಬರೋ ಬಸ್ಸಲ್ಲೇ ಶಿರೀನ್‌ಗೆ ಫೋನ್ ಮಾಡ್ದೆ. ನಾಳೆ ಬರ್ತಾರಾ, ಮೆಷಿನ್ ಓಡುತ್ತಾ, ಅದ್ಯಾವುದೂ ಕೇಳಲಿಲ್ಲ ಹುಡುಗಿ.

“ಲೋಟ ಖಾಲಿಯಾಯ್ತಾ ಅಕ್ಕಾ?”

“ಆಯ್ತು ಕಣೇ. ಆಮೇಲೂ ಕುಡಿದ.”

ಆ ಕಡೆಯಿಂದ ಮೂಗೆಳ್ಕೊಳ್ಳೋ ಸದ್ದು ಕೇಳಿಸ್ತು. ನಾನು ಫೋನ್ ಕಿವಿಗಿಟ್ಕೊಂಡೇ ಇದ್ದೆ.